ಬಿಟ್ಟುಹೋದ ಲೆಕ್ಕ: ನೈಜೀರಿಯಾದ ಕೇಂದ್ರ ಬ್ಯಾಂಕಿನ ಗವರ್ನರ್‌ಗಳನ್ನು ಅಳೆಯುವ ಬಗೆ



ಕೇಂದ್ರ ಬ್ಯಾಂಕಿನ ಗವರ್ನರ್ ಒಬ್ಬರು ತಮ್ಮ ಕೆಲಸ ಸರಿಯಾಗಿ ಮಾಡಿದರೇ ಎಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ನೈಜೀರಿಯಾವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ಶತಮಾನದಲ್ಲಿ ಅಲ್ಲಿ ಆ ಕುರ್ಚಿಯಲ್ಲಿ ಕುಳಿತವರ ಕಥೆ ಅಷ್ಟು ಸ್ಪಷ್ಟವಾಗಿ, ಅಷ್ಟು ಕಠೋರವಾಗಿ ನಮ್ಮೆದುರಿಗಿದೆ. ಒಬ್ಬರು ಮುಂದೆ ಅನಂಬ್ರಾ ರಾಜ್ಯದ ಚುನಾಯಿತ ಗವರ್ನರ್ ಆದರು. ಒಬ್ಬರು ಅಮಾನತಾದ ನಾಲ್ಕೇ ತಿಂಗಳಲ್ಲಿ ಕಾನೋದ ಎಮೀರ್ ಪಟ್ಟ ಏರಿದರು. ಮತ್ತೊಬ್ಬರು ಅಮಾನತಾದ ಮರುದಿನವೇ ಬಂಧನಕ್ಕೊಳಗಾದರು. ಮೂವರಿಗೂ ಕಟ್ಟಾ ಅಭಿಮಾನಿಗಳಿದ್ದಾರೆ, ಕಟ್ಟಾ ವಿರೋಧಿಗಳೂ ಇದ್ದಾರೆ. ಅವರಾಡುವ ವಾದಗಳಲ್ಲಿ ಬಹುಪಾಲು ತಪ್ಪು ಅಳತೆಗೋಲನ್ನು ಹಿಡಿದಿವೆ ಎಂಬುದು ನನ್ನ ಅಭಿಪ್ರಾಯ.

ಜನಸಾಮಾನ್ಯರ ಅಳತೆಗೋಲು ಡಾಲರ್ ದರ. ಲಾಗೋಸಿನ ವ್ಯಾಪಾರಿಗೂ ಕಾನೋದ ಟೈಲರ್‌ಗೂ ಬೆಳಗಾದರೆ ಬೇಕಾಗುವ ಸುದ್ದಿ ಅದು. ಬ್ಯಾಂಕಿನ ಅಧಿಕೃತ ದರಕ್ಕಿಂತ ಬೀದಿಯ ದರವನ್ನೇ ಅವರು ನಂಬುತ್ತಾರೆ. ಅಬುಜಾದ ವುಸೆ ಝೋನ್ 4ರಲ್ಲಿ ನೋಟು ಹಿಡಿದು ನಿಲ್ಲುವ, ಜನ 'ಅಬೋಕಿ' ಎಂದು ಕರೆಯುವ ವಿನಿಮಯದವರು ಹೇಳುವ ದರ ಅದು. ಔಷಧಿ, ಗೋಧಿ, ಬಿಡಿಭಾಗ ಎಲ್ಲದಕ್ಕೂ ಡಾಲರ್ ಬೇಕಾದ ದೇಶದಲ್ಲಿ ಇದು ಸಹಜ. ಆದರೆ ಆ ಡಾಲರ್ ಬರುವುದು ಎಲ್ಲಿಂದ? ನೈಜೀರಿಯಾದ ರಫ್ತಿನ ಸಿಂಹಪಾಲು ಕಚ್ಚಾ ತೈಲ. 2011ರಿಂದ 2013ರವರೆಗೆ ಬ್ಯಾರಲ್ಲಿಗೆ ನೂರು ಡಾಲರ್ ಮೀರಿದ್ದ ಬೆಲೆ 2016ರ ಜನವರಿಯಲ್ಲಿ ಮೂವತ್ತರ ಕೆಳಗಿಳಿಯಿತು. ಮೊದಲಿನ ಅವಧಿಯ ಗವರ್ನರ್ ಕೈಯಲ್ಲಿ ಅಲ್ಲಿನ ನಾಣ್ಯ ನೈರಾ ಡಾಲರ್ ಒಂದಕ್ಕೆ 155–160ರ ಆಸುಪಾಸು ನಿಂತಿತು, ನಂತರದವರ ಕೈಯಲ್ಲಿ ಜಾರಿತು. ಇದನ್ನಷ್ಟೇ ನೋಡಿ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ತೆಗಳಿದರೆ ನಾವು ಅಳೆದದ್ದು ತೈಲದ ಮಾರುಕಟ್ಟೆಯನ್ನು.

ಅರ್ಥಶಾಸ್ತ್ರಜ್ಞರ ಅಳತೆಗೋಲು ಹಣದುಬ್ಬರ. ಇದಕ್ಕೆ ಕಾನೂನಿನ ಬೆಂಬಲವೂ ಇದೆ. 2007ರ ಕೇಂದ್ರ ಬ್ಯಾಂಕ್ ಕಾಯಿದೆ ಬೆಲೆಗಳ ಸ್ಥಿರತೆಯನ್ನು ಮೊದಲ ಗುರಿಯಾಗಿ ಹೇಳುತ್ತದೆ. ಆದರೂ ಇದನ್ನು ಎಚ್ಚರದಿಂದ ಬಳಸಬೇಕು. ತೀರಾ ಇತ್ತೀಚಿನವರೆಗೂ ಅಲ್ಲಿನ ಬೆಲೆ ಸೂಚ್ಯಂಕದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಆಹಾರದ್ದೇ ಆಗಿತ್ತು. ಬೆನ್ಯುವೆಯಲ್ಲೋ ಝಂಫಾರಾದಲ್ಲೋ ಬಂದೂಕುಧಾರಿಗಳಿಗೆ ಹೆದರಿ ರೈತ ಹೊಲಕ್ಕೆ ಇಳಿಯದಿದ್ದರೆ, 2019ರ ಆಗಸ್ಟಿನಲ್ಲಿ ಆದಂತೆ ಸರ್ಕಾರ ನೆಲಗಡಿಗಳನ್ನು ಮುಚ್ಚಿದರೆ, 2023ರ ಮೇ 29ರಂದು ಆದಂತೆ ಪೆಟ್ರೋಲ್ ಸಬ್ಸಿಡಿ ಒಂದೇ ಭಾಷಣದಲ್ಲಿ ಹೋದರೆ, ಬಡ್ಡಿದರ ಏರಿಸುವವರು ಏನು ಮಾಡಿಯಾರು? ಅಳತೆಗೋಲೇ ಬದಲಾಗುವುದೂ ಉಂಟು. 2024ರ ಡಿಸೆಂಬರಿನಲ್ಲಿ ಶೇ 34.80 ಇದ್ದ ಹಣದುಬ್ಬರ ಮರುತಿಂಗಳು ಶೇ 24.48 ಎಂದು ಪ್ರಕಟವಾಯಿತು. ಅಂಕಿಅಂಶ ಇಲಾಖೆ ಆಧಾರ ವರ್ಷವನ್ನು ಬದಲಿಸಿ, ಆಹಾರದ ತೂಕವನ್ನು ತಗ್ಗಿಸಿತ್ತು. ಮಾರುಕಟ್ಟೆಯಲ್ಲಿ ಟೊಮೆಟೊ ಬುಟ್ಟಿಯ ಬೆಲೆ ಆ ಒಂದು ತಿಂಗಳಲ್ಲಿ ಹಾಗೆ ಇಳಿದಿರಲಿಲ್ಲ.

ಹಾಗಾದರೆ ಯಾವುದನ್ನು ನೋಡಬೇಕು? ನಮ್ಮ ಹಳ್ಳಿಗಳಲ್ಲಿ ಶಾನುಭೋಗಿಕೆ ಕೈ ಬದಲಾಗುವಾಗ, ಹೊಸಬರು ದಫ್ತರು ಬಿಚ್ಚಿದ ದಿನ ಹಳಬರ ಯೋಗ್ಯತೆ ತಿಳಿಯುತ್ತಿತ್ತು. ಕೇಂದ್ರ ಬ್ಯಾಂಕಿನ ಗವರ್ನರ್‌ಗೂ ಈ ಪರೀಕ್ಷೆಯೇ ನ್ಯಾಯವಾದದ್ದು. ತನ್ನ ಕೈಯಲ್ಲೇ ಇದ್ದ ಅಧಿಕಾರವನ್ನು ಅವರು ಹೇಗೆ ಬಳಸಿದರು, ಹಣ ಕೇಳಿದ ಸರ್ಕಾರಕ್ಕೆ ಏನೆಂದರು, ಲೆಕ್ಕವನ್ನು ಊರಿಗೆ ತೋರಿಸಿದರೋ ಮುಚ್ಚಿಟ್ಟರೋ, ಇವು ತೈಲದ ಬೆಲೆಯ ಮೇಲೆ ಹೊರೆಸಲಾಗದ ಸಂಗತಿಗಳು.

ಚುಕ್ವುಮಾ ಸೊಲುಡೊ ಎನ್‌ಸುಕ್ಕಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 2004ರಲ್ಲಿ ಗವರ್ನರ್ ಆದ ಕೆಲವೇ ವಾರಗಳಲ್ಲಿ, ಪ್ರತಿ ಬ್ಯಾಂಕಿನ ಕನಿಷ್ಠ ಬಂಡವಾಳ 200 ಕೋಟಿ ನೈರಾದಿಂದ 2,500 ಕೋಟಿಗೆ ಏರಬೇಕು, 2005ರ ಕೊನೆಯೇ ಗಡುವು ಎಂದು ಸಾರಿದರು. ಗಡುವು ಸಡಿಲಿಸಲು ಬಂದ ಒತ್ತಡಕ್ಕೆ ಬಾಗಲಿಲ್ಲ. 89 ಬ್ಯಾಂಕುಗಳು 25ಕ್ಕೆ ಇಳಿದವು. ಇದು ಅವರದೇ ಅಧಿಕಾರ, ಅವರದೇ ಧೈರ್ಯ, ಹೊಗಳಿಕೆಯೂ ಅವರಿಗೇ ಸಲ್ಲಬೇಕು. ಆದರೆ ಬಂಡವಾಳ ಹಿಗ್ಗಿದ ಬ್ಯಾಂಕುಗಳು ಆ ಹಣವನ್ನು ಎತ್ತ ಹರಿಸಿದವು ಎಂದು ನೋಡುವ ಕೆಲಸವೂ ಅವರದೇ ಆಗಿತ್ತು. ಷೇರು ಕೊಳ್ಳಲು, ಷೇರನ್ನೇ ಅಡವಿಟ್ಟುಕೊಂಡು ಸಾಲ ಹರಿಯಿತು. 2008ರಲ್ಲಿ ಲಾಗೋಸಿನ ಷೇರುಪೇಟೆ ಕುಸಿದಾಗ ಆ ಸಾಲಗಳೂ ಕುಸಿದವು. ಅವರು ಕಟ್ಟಿದ ಕಟ್ಟಡ ಗಟ್ಟಿ, ಇಟ್ಟ ಕಾವಲು ಸಡಿಲ. ಅದು ಬಯಲಾದದ್ದು ಮುಂದಿನವರ ಕಾಲದಲ್ಲಿ.

ಆ ಮುಂದಿನವರು ಸನೂಸಿ ಲಮಿಡೊ ಸನೂಸಿ. 2009ರ ಜೂನಿನಲ್ಲಿ ಬಂದವರು ಆಗಸ್ಟ್ 14ರಂದೇ ಐದು ಬ್ಯಾಂಕುಗಳ ಮುಖ್ಯಸ್ಥರನ್ನು ಮನೆಗೆ ಕಳಿಸಿದರು. ಅಕ್ಟೋಬರಿನಲ್ಲಿ ಇನ್ನೂ ಮೂರು ಬ್ಯಾಂಕುಗಳಿಗೆ ಹಾಗೆಯೇ ಮಾಡಿದರು. ಬ್ಯಾಂಕುಗಳನ್ನು ಎತ್ತಿಹಿಡಿಯಲು ಒಟ್ಟು 62,000 ಕೋಟಿ ನೈರಾ ಹಾಕಿದರು. ಓಷಿಯಾನಿಕ್ ಬ್ಯಾಂಕಿನ ಮುಖ್ಯಸ್ಥೆ ಸಿಸಿಲಿಯಾ ಇಬ್ರು ಮರುವರ್ಷ ತಪ್ಪೊಪ್ಪಿಕೊಂಡು ಆರು ತಿಂಗಳ ಶಿಕ್ಷೆ ಪಡೆದರು, ಅಪಾರ ಆಸ್ತಿ ಬಿಟ್ಟುಕೊಟ್ಟರು. ದೊಡ್ಡವರಿಗೆ ಶಿಕ್ಷೆಯಾಗುವುದನ್ನೇ ಕಾಣದಿದ್ದ ಜನರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಠೇವಣಿದಾರರ ಹಣ ಉಳಿಯಿತು. ಷೇರು ಹಿಡಿದ ಸಾವಿರಾರು ಸಣ್ಣ ಉಳಿತಾಯಗಾರರದ್ದು ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು.

ಅವರ ನಿಜವಾದ ಪರೀಕ್ಷೆ ಬಂದದ್ದು ಕೊನೆಯಲ್ಲಿ. ರಾಷ್ಟ್ರೀಯ ತೈಲ ನಿಗಮ ಮಾರಿದ ತೈಲದ ಹಣದಲ್ಲಿ 4,980 ಕೋಟಿ ಡಾಲರ್ ಖಜಾನೆಗೆ ಬಂದಿಲ್ಲ ಎಂದು 2013ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಗುಡ್‌ಲಕ್ ಜೊನಾಥನ್‌ಗೆ ಪತ್ರ ಬರೆದರು. ಲೆಕ್ಕ ತಾಳೆ ನೋಡಿದ ಮೇಲೆ ಆ ಮೊತ್ತ 1,200 ಕೋಟಿಗೆ ಇಳಿಯಿತು. ಬಳಿಕ ಸೆನೆಟ್ ಮುಂದೆ ಅವರೇ 2,000 ಕೋಟಿ ಎಂದರು. ಕೊನೆಗೆ ಹೊರಗಿನ ಲೆಕ್ಕಪರಿಶೋಧಕರು ನಿಗಮ ಕನಿಷ್ಠ 148 ಕೋಟಿ ಡಾಲರ್ ಮರಳಿಸಬೇಕು ಎಂದರು. ಅಷ್ಟು ದೊಡ್ಡ ಆರೋಪಕ್ಕೆ ಅಷ್ಟು ಅಲುಗಾಡುವ ಮೊತ್ತ ಒಪ್ಪುವಂಥದಲ್ಲ. ಗವರ್ನರ್ ಬಾಯಿಂದ ಬರುವ ಅಂಕಿಗೆ ಬೇರೆಯೇ ತೂಕವಿರುತ್ತದೆ. ಆದರೂ ಸರ್ಕಾರದ ಬ್ಯಾಂಕರ್ ಆದವರು, ಖಾತೆಗೆ ಬರಬೇಕಾದ ಹಣ ಎಲ್ಲಿ ಎಂದು ಸರ್ಕಾರವನ್ನೇ ಕೇಳಿದ್ದು ಆ ಹುದ್ದೆಯ ಅತ್ಯುತ್ತಮ ಕ್ಷಣಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ. 2014ರ ಫೆಬ್ರವರಿ 20ರಂದು ಅವರನ್ನು ಅಮಾನತು ಮಾಡಲಾಯಿತು. ಬ್ಯಾಂಕಿನ ಖರ್ಚುವೆಚ್ಚದ ಮೇಲಿನ ಆಕ್ಷೇಪಗಳನ್ನು ಅಧ್ಯಕ್ಷರ ಕಡೆಯವರು ಕಾರಣವಾಗಿ ಮುಂದಿಟ್ಟರು. ಸೆನೆಟ್‌ನ ಮೂರನೇ ಎರಡರಷ್ಟು ಬೆಂಬಲವಿಲ್ಲದೆ ಗವರ್ನರನ್ನು ತೆಗೆಯಬಾರದು ಎನ್ನುತ್ತದೆ ಕಾಯಿದೆಯ 11ನೇ ಕಲಮು. ತೆಗೆಯಲು ಆಗದಿದ್ದರೆ ಅಮಾನತು ಮಾಡಬಹುದು ಎಂಬ ಈ ದಾರಿಯನ್ನೇ 2023ರಲ್ಲಿ ಅಧ್ಯಕ್ಷ ಟಿನುಬು ಕೂಡ ಹಿಡಿದರು. ಆಗ ಅಮಾನತಾದವರು ಮೆಚ್ಚುಗೆಗೆ ಪಾತ್ರರಲ್ಲ ಎಂಬ ಕಾರಣಕ್ಕೆ ಆ ದಾರಿ ಸರಿಯಾಗುವುದಿಲ್ಲ.

ಈಗ ಹಾಗೆ 2023ರಲ್ಲಿ ಅಮಾನತಾದ ಗಾಡ್ವಿನ್ ಎಮೆಫಿಯೆಲೆ ಅವರ ಕಾಲಕ್ಕೆ ಬರುತ್ತೇನೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಜೆನಿತ್ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಅವರು 2014ರ ಜೂನಿನಲ್ಲಿ ಬಂದರು. 1999ರಲ್ಲಿ ನಾಗರಿಕ ಆಡಳಿತ ಮರಳಿದ ಮೇಲೆ ಎರಡನೇ ಅವಧಿ ಪಡೆದ ಮೊದಲ ಗವರ್ನರ್ ಅವರು. ಅವರ ಮೇಲೆ ನ್ಯಾಯಾಲಯಗಳಲ್ಲಿರುವ ಆರೋಪಗಳನ್ನು ತೂಗುವುದು ನನ್ನ ಕೆಲಸವಲ್ಲ. ನೀತಿಯ ದಾಖಲೆಯೊಂದೇ ಸಾಕು.

ಬಂದ ತಿಂಗಳುಗಳಲ್ಲೇ ತೈಲ ಕುಸಿದದ್ದು ಅವರ ದುರದೃಷ್ಟ. ಅದಕ್ಕೆ ಅವರು ಆರಿಸಿಕೊಂಡ ಉತ್ತರ ಅವರದೇ. 2015ರ ಜೂನಿನಲ್ಲಿ 41 ಬಗೆಯ ಸರಕುಗಳ ಆಮದಿಗೆ ಅಧಿಕೃತ ಡಾಲರ್ ಇಲ್ಲ ಎಂದರು. ಅಕ್ಕಿ, ಸಿಮೆಂಟು, ಹಲ್ಲುಕಡ್ಡಿಯ ಜೊತೆ ಭಾರತದ ಅಗರಬತ್ತಿಯೂ ಆ ಪಟ್ಟಿಯಲ್ಲಿತ್ತು. ಮೈಸೂರಿನ ಕಡೆಯ ಉದ್ಯಮದವರು ಇದನ್ನು ಗಮನಿಸಬೇಕು. ಅಧಿಕೃತ ದರವನ್ನು ಒಂದು ವರ್ಷಕ್ಕೂ ಮೀರಿ 197–199ರಲ್ಲಿ ಕಟ್ಟಿಹಾಕಿದರು. ಬೀದಿಯ ದರ ಅಷ್ಟರಲ್ಲಿ ಮುನ್ನೂರು ದಾಟಿತ್ತು. ದರ ಎರಡಾದಾಗ ಅಗ್ಗದ ಕಿಟಕಿಯಲ್ಲಿ ಡಾಲರ್ ಪಡೆದವನು ಬೀದಿಗೆ ಬಂದು ಮಾರಿದರೆ ಸಾಕು, ಬೇರೆ ದುಡಿಮೆ ಬೇಡ. ಆ ಕಿಟಕಿ ಯಾರಿಗೆ ತೆರೆಯುತ್ತದೆ ಎಂಬುದು ಪರಿಚಯದ ಮೇಲೆ ನಿಂತಿತು. ಕಾರ್ಖಾನೆಯವರು ಸರದಿಯಲ್ಲಿ ಕಾದರು. ಟಿಕೆಟ್ ಮಾರಿದ ಹಣ ಹೊರಗೆ ಒಯ್ಯಲಾಗದೆ ಎಮಿರೇಟ್ಸ್ ವಿಮಾನ ಸಂಸ್ಥೆ 2022ರಲ್ಲಿ ನೈಜೀರಿಯಾಕ್ಕೆ ಹಾರುವುದನ್ನೇ ನಿಲ್ಲಿಸಿತು.

ಇದಕ್ಕಿಂತ ದೊಡ್ಡದು ಸರ್ಕಾರಕ್ಕೆ ಕೊಟ್ಟ ಕೈಸಾಲ. ಅಲ್ಲಿ ಅದಕ್ಕೆ 'ವೇಸ್ ಅಂಡ್ ಮೀನ್ಸ್' ಎನ್ನುತ್ತಾರೆ. ಆಗ ಕಾಯಿದೆಯ 38ನೇ ಕಲಮಿನ ಪ್ರಕಾರ ಈ ಸಾಲ ಹಿಂದಿನ ವರ್ಷದ ಆದಾಯದ ಶೇ 5ನ್ನು ಮೀರಬಾರದಿತ್ತು, ಪಡೆದ ವರ್ಷದೊಳಗೇ ತೀರಬೇಕಿತ್ತು. 2015ರ ಹೊತ್ತಿಗೆ ಒಂದು ಲಕ್ಷ ಕೋಟಿ ನೈರಾದೊಳಗಿದ್ದ ಬಾಕಿ, 2023ರಲ್ಲಿ ಅಧ್ಯಕ್ಷ ಬುಹಾರಿ ಅವರ ಸರ್ಕಾರ ಹೋಗುವಾಗ 22.7 ಲಕ್ಷ ಕೋಟಿ. ಆ ವರ್ಷದ ಇಡೀ ಒಕ್ಕೂಟ ಸರ್ಕಾರದ ಬಜೆಟ್ಟೇ 21.83 ಲಕ್ಷ ಕೋಟಿ. ಶೇ 5ರ ಮಿತಿಯೊಳಗೆ ಇಷ್ಟು ಸಾಲ ಬರಬೇಕಾದರೆ ಆದಾಯ 450 ಲಕ್ಷ ಕೋಟಿ ಮೀರಬೇಕಿತ್ತು! ಕೊನೆಗೆ ಸೆನೆಟ್ ಅದನ್ನು ಶೇ 9ರ ಬಡ್ಡಿಯ, 40 ವರ್ಷದ ಸಾಲವಾಗಿ ಮಾರ್ಪಡಿಸಲು ಒಪ್ಪಿತು. ಹಾಗೆ ಹುಟ್ಟಿದ ನೈರಾ ಮಾರುಕಟ್ಟೆಗೆ ಬಂದು ಮರಗೆಣಸಿನ ಹಿಟ್ಟಾದ ಗಾರಿಯ ಬೆಲೆ ಏರಿಸಿತು, ಡಾಲರ್ ಬೆನ್ನಟ್ಟಿತು. ಕೊಡಲಾರೆ ಎನ್ನಲು ಗವರ್ನರ್ ಕೈಯಲ್ಲಿ ಕಾಯಿದೆಯ ಅಕ್ಷರವೇ ಇತ್ತು. ಅವರು ಹಾಗೆನ್ನಲಿಲ್ಲ. ನನ್ನ ತೀರ್ಮಾನದಲ್ಲಿ ಅವರ ಅತಿ ದೊಡ್ಡ ಸೋಲು ಇದು.

ಎರಡನೆಯದು ನೋಟು ಬದಲಾವಣೆ. ಚಲಾವಣೆಯಲ್ಲಿರುವ 3.23 ಲಕ್ಷ ಕೋಟಿ ನೈರಾದಲ್ಲಿ 2.73 ಲಕ್ಷ ಕೋಟಿ ಬ್ಯಾಂಕಿನ ಹೊರಗಿದೆ ಎಂದು ಹೇಳಿ, 2022ರ ಅಕ್ಟೋಬರ್ 26ರಂದು 200, 500, 1,000ದ ಹೊಸ ನೋಟು ಘೋಷಿಸಿದರು. ಹಳೆಯದಕ್ಕೆ 2023ರ ಜನವರಿ ಕೊನೆಯ ಗಡುವು, ಆಮೇಲೆ ಫೆಬ್ರವರಿ 10. ಚುನಾವಣೆ ಇದ್ದದ್ದು ಫೆಬ್ರವರಿ 25ಕ್ಕೆ. ಹಳೆ ನೋಟು ಒಳಗೆ ಹೋಯಿತು, ಹೊಸದು ಹೊರಗೆ ಬರಲಿಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದತಿಯ ಸಾಲುಗಳನ್ನು ಕಂಡ ನಮಗೆ ಆ ದೃಶ್ಯ ವಿವರಿಸಬೇಕಾಗಿಲ್ಲ. ಪಿಒಎಸ್ ಯಂತ್ರವಿಟ್ಟ ಏಜೆಂಟರ ಬಳಿ ಜನ ತಮ್ಮದೇ ಹಣವನ್ನು ದುಬಾರಿ ಶುಲ್ಕ ತೆತ್ತು ಕೊಂಡರು. ಅಬೆಯೊಕುಟಾದಲ್ಲಿ ಬ್ಯಾಂಕುಗಳ ಮೇಲೆ ಕಲ್ಲು ಬಿತ್ತು. ಮಾರ್ಚ್ 3ರಂದು ಸುಪ್ರೀಂ ಕೋರ್ಟು ಹಳೆ ನೋಟುಗಳು ವರ್ಷದ ಕೊನೆವರೆಗೂ ನಡೆಯಬೇಕು ಎಂದಿತು. ಇದೇ ಗವರ್ನರ್ 2022ರಲ್ಲಿ ಕುರ್ಚಿ ಬಿಡದೆಯೇ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಲು ಅವಕಾಶ ಕೇಳಿ ನ್ಯಾಯಾಲಯಕ್ಕೆ ಹೋಗಿದ್ದರು. ಹೀಗಾದ ಮೇಲೆ ಚುನಾವಣೆಯ ಮುಂದಿನ ನೋಟು ಬದಲಾವಣೆಯ ಉದ್ದೇಶ ಶುದ್ಧವೆಂದು ಜನ ಹೇಗೆ ನಂಬಿಯಾರು?

ಅವರು ಹೋದ ಮೇಲೆ ದಫ್ತರು ತೆರೆಯಿತು. 2016ರಿಂದ 2022ರವರೆಗಿನ ಏಳು ವರ್ಷಗಳ ಲೆಕ್ಕಪತ್ರಗಳು ಒಟ್ಟಿಗೇ 2023ರ ಆಗಸ್ಟಿನಲ್ಲಿ ಪ್ರಕಟವಾದವು. ದೊಡ್ಡದಾಗಿ ತೋರಿಸುತ್ತಿದ್ದ ವಿದೇಶಿ ವಿನಿಮಯ ಸಂಗ್ರಹದ ಮೇಲೆ ವಿದೇಶಿ ಬ್ಯಾಂಕುಗಳ ಹಕ್ಕುಗಳೂ ಕೊಡಬೇಕಾದ ಡಾಲರ್ ವಾಯಿದೆಗಳೂ ಇದ್ದವು. ಕೇಂದ್ರ ಬ್ಯಾಂಕೇ ಆಮೇಲೆ ಹೇಳಿದ ಪ್ರಕಾರ 2023ರ ಕೊನೆಗೆ ಒಟ್ಟು ಸಂಗ್ರಹ 3,322 ಕೋಟಿ ಡಾಲರ್. ಬಾಧ್ಯತೆ ಕಳೆದರೆ ಉಳಿದದ್ದು 399 ಕೋಟಿ. ಹೊರಗಿನಿಂದ ಬಂದ ಆಘಾತ ಬೇರೆ, ಊರಿಗೆ ಹೇಳದೆ ಇಟ್ಟ ಲೆಕ್ಕ ಬೇರೆ. ಮೊದಲಿನದಕ್ಕೆ ಕ್ಷಮೆಯುಂಟು.

2023ರ ಸೆಪ್ಟೆಂಬರಿನಲ್ಲಿ ಬಂದ ಒಲಯೆಮಿ ಕಾರ್ಡೊಸೊ ಅವರನ್ನು ಡಾಲರ್ ದರದಿಂದ ಅಳೆದರೆ ಅವರಷ್ಟು ಕೆಟ್ಟ ಗವರ್ನರ್ ಇನ್ನೊಬ್ಬರಿಲ್ಲ. 2023ರ ಜೂನಿನವರೆಗೆ 470ರ ಆಸುಪಾಸಿದ್ದ ಅಧಿಕೃತ ದರ 2024ರ ಆರಂಭದಲ್ಲಿ 1,500 ಮುಟ್ಟಿತು. ಆದರೆ ದರಗಳನ್ನು ಒಂದಾಗಿಸುವ ಹೆಜ್ಜೆ ಅವರು ಬರುವ ಮೊದಲೇ ಇಟ್ಟದ್ದು. ಕುಸಿತದ ಬಹುಪಾಲು ಹಿಂದಿನ ಬಾಕಿಯ ವಸೂಲಿ. ಅವರ ತಪ್ಪು ಬೇರೆ ಕಡೆ ಇದೆ. ಬೆಲೆಗಳು ಉರಿಯುತ್ತಿದ್ದಾಗ ಹಣಕಾಸು ನೀತಿ ಸಮಿತಿಯ ಸಭೆಯನ್ನು 2024ರ ಫೆಬ್ರವರಿ ಕೊನೆಯವರೆಗೂ ಅವರು ಕರೆಯಲೇ ಇಲ್ಲ. ಆ ಮೌನಕ್ಕೆ ಬಡವರು ಬೆಲೆ ತೆತ್ತರು. ಕರೆದ ಮೇಲೆ ಬಡ್ಡಿದರವನ್ನು ಶೇ 18.75ರಿಂದ ಒಂದೇ ಸಲಕ್ಕೆ ಶೇ 22.75ಕ್ಕೆ, ವರ್ಷದ ಕೊನೆಗೆ ಶೇ 27.50ಕ್ಕೆ ಏರಿಸಿದರು. ಅದಕ್ಕೂ ಮೊದಲೇ, 2015ರ ಆ ಆಮದು ಪಟ್ಟಿಯನ್ನು ತೆಗೆದುಹಾಕಿದ್ದರು. ಬಾಕಿ ಬಿದ್ದಿದ್ದ ಡಾಲರ್ ಕೋರಿಕೆಗಳನ್ನು ತೀರಿಸಿ, ಬಾಧ್ಯತೆ ಕಳೆದ ನಿವ್ವಳ ಸಂಗ್ರಹವನ್ನು ಪ್ರಕಟಿಸಿದರು: 2024ರ ಕೊನೆಗೆ 2,311 ಕೋಟಿ ಡಾಲರ್. ನೈಜೀರಿಯಾದಲ್ಲಿ ಆ ಸಂಖ್ಯೆ ಹೊರಗೆ ಬಂದದ್ದೇ ಒಂದು ಸುಧಾರಣೆ.

ಅವರ ಐದು ವರ್ಷದ ಅವಧಿ ಮುಗಿಯುವುದು 2028ರಲ್ಲಿ. ನಡುವೆ 2027ರ ಚುನಾವಣೆ ಇದೆ. ಚುನಾವಣೆಯ ಮುಂಚಿನ ತಿಂಗಳುಗಳಲ್ಲಿ ಹಣದ ಅವಸರವಿಲ್ಲದ ಸರ್ಕಾರವಿಲ್ಲ. ಆ ವರ್ಷದ ಲೆಕ್ಕಪತ್ರದಲ್ಲಿ 'ವೇಸ್ ಅಂಡ್ ಮೀನ್ಸ್' ಎದುರು ಎಷ್ಟು ಬರೆದಿದೆ, ಆ ಲೆಕ್ಕಪತ್ರ ಯಾವ ತಿಂಗಳು ಪ್ರಕಟವಾಯಿತು ಎಂಬ ಎರಡನ್ನು ನೋಡಿದ ಮೇಲೆಯೇ ಕಾರ್ಡೊಸೊ ಅವರ ಬಗ್ಗೆ ನಾನು ಮಾತಾಡುತ್ತೇನೆ.