ಎರಡು ಪೆನ್ಸಿಲ್, ಒಂದು ರಬ್ಬರ್ ಬ್ಯಾಂಡ್



ವಿನ್ಯಾಸಕಾರರು, ಅಂದರೆ ಈಗಿನ ಮಾತಿನಲ್ಲಿ ಡಿಸೈನರ್‌ಗಳು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಜೋಳಿಗೆಗೆ ಹಾಕಿಕೊಳ್ಳುವ ಜನ. ಬೆಂಕಿಪೊಟ್ಟಣದ ಲೇಬಲ್ಲು, ಊದುಬತ್ತಿಯ ಪ್ಯಾಕೆಟ್ಟು, ಹಳೆಯ ಲಗ್ನಪತ್ರಿಕೆ ಯಾವುದನ್ನೂ ಬಿಡುವುದಿಲ್ಲ. ನಮಗೆ ಅದು ರದ್ದಿ, ಅವರಿಗೆ ಬಂಡವಾಳ. ಇವರಲ್ಲಿ ಅಕ್ಷರದ ಹುಚ್ಚು ಹತ್ತಿದವರದೇ ಒಂದು ಪಂಗಡ. ಇವರು ಅಂಗಡಿಯ ಬೋರ್ಡನ್ನು ಮೊದಲು ಓದುವುದಿಲ್ಲ, ನೋಡುತ್ತಾರೆ. ಗೆರೆ ಎಲ್ಲಿ ದಪ್ಪವಾಯಿತು, ಎಲ್ಲಿ ತೆಳುವಾಯಿತು, ಬರೆದವನ ಕೈಯಲ್ಲಿ ಏನಿತ್ತು ಎಂದು ಲೆಕ್ಕ ಹಾಕುತ್ತಾರೆ. ಇಂದಿನ ನನ್ನ ಮಾತು ಅದರ ಬಗ್ಗೆಯೇ: ಕೈಯಲ್ಲಿ ಏನಿತ್ತು?

ಕನ್ನಡದ ಮಟ್ಟಿಗೆ ಮೊದಲು ಇದ್ದದ್ದು ಉಳಿ. ಹಲ್ಮಿಡಿ ಶಾಸನದ ಅಕ್ಷರಗಳನ್ನು ಕಲ್ಲಿನ ಮೇಲೆ ಕೊರೆದವನಿಗೆ ಒಂದೊಂದು ಬಾಗುವಿಕೆಗೂ ಹತ್ತಾರು ಪೆಟ್ಟು ಬೇಕಿತ್ತು. ಆಮೇಲೆ ತಾಳೆಗರಿ ಮತ್ತು ಕಬ್ಬಿಣದ ಕಂಟ. ಗರಿಯ ನಾರಿನ ಗುಂಟ ನೇರವಾಗಿ ಗೀರಿದರೆ ಗರಿ ಸೀಳಿಬಿಡುತ್ತದೆ, ದಕ್ಷಿಣದ ಲಿಪಿಗಳು ದುಂಡಗಾದದ್ದು ಅದಕ್ಕೇ ಎಂದು ಪಂಡಿತರು ಹೇಳುವುದುಂಟು. ಕಂಟದಿಂದ ಗೀರಿ, ಮೇಲೆ ಮಸಿ ಸವರಿದರೆ ಬರುವ ಅಕ್ಷರಕ್ಕೆ ದಪ್ಪ, ತೆಳು ಎಂಬ ಭೇದವಿಲ್ಲ. ಉದ್ದಕ್ಕೂ ಒಂದೇ ಗೆರೆ.

ಇವುಗಳಲ್ಲಿ ನನಗೆ ಅತಿ ಇಷ್ಟವಾದದ್ದು ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕರಿಯ ಪುಸ್ತಕ ಅದು. ಬರೆಯುವುದು ಬಳಪದಲ್ಲಿ, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ವ್ಯಾಪಾರಿಗಳು, ಮಠಗಳು ಲೆಕ್ಕಪತ್ರಕ್ಕೆ ಇದನ್ನೇ ಇಟ್ಟುಕೊಂಡಿದ್ದರು. ವಸ್ತು ಹೋಯಿತು, ಮಾತು ಉಳಿಯಿತು. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಇವತ್ತಿಗೂ ಫೈಲಿಗೆ ಕಡತ ಎಂದೇ ಹೆಸರು. ಸುಲಭವಾಗಿ ಒರೆಸಿಹಾಕಬಹುದಾಗಿದ್ದ ವಸ್ತುವಿನ ಹೆಸರು ಎಂದೂ ಕದಲದ ವಸ್ತುವಿಗೆ ಬಂದದ್ದು ತಮಾಷೆಯೇ ಸರಿ.

1843ರಲ್ಲಿ ಮಂಗಳೂರಿನಿಂದ ಹೊರಟ ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಅಚ್ಚುಮೊಳೆ ಜೋಡಿಸಿದ್ದಲ್ಲ, ಕೈಬರಹವೇ ಕಲ್ಲಿನಿಂದ ಕಾಗದಕ್ಕೆ ಇಳಿದದ್ದು.

ಇಲ್ಲಿ ಮುಂಬಯಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ದೇವನಾಗರಿ. ಅದು ಬೋರು ಎಂಬ ಜೊಂಡಿನ ಲೇಖನಿಯ ಮಗಳು. ಜೊಂಡಿನ ತುದಿಯನ್ನು ಓರೆಯಾಗಿ ಕತ್ತರಿಸಿದಾಗ ಒಂದು ದಿಕ್ಕಿಗೆ ಎಳೆದ ಗೆರೆ ದಪ್ಪ, ಇನ್ನೊಂದು ದಿಕ್ಕಿಗೆ ಎಳೆದದ್ದು ತೆಳು. ಇದನ್ನು ಅರ್ಥ ಮಾಡಿಕೊಳ್ಳಲು ಬೋರು ಹುಡುಕಿಕೊಂಡು ಹೋಗಬೇಕಾಗಿಲ್ಲ. ಎರಡು ಪೆನ್ಸಿಲ್ ತೆಗೆದುಕೊಳ್ಳಿ, ತುದಿ ಸಮ ಮಾಡಿ, ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಎರಡೂ ಮೊನೆ ಕಾಗದಕ್ಕೆ ತಾಗುವಂತೆ ಹಿಡಿದು, ಮಣಿಕಟ್ಟು ತಿರುಗಿಸದೆ ಒಂದು ಸೊನ್ನೆ ಬರೆಯಿರಿ. ಎರಡು ಗೆರೆಗಳು ಅಕ್ಕಪಕ್ಕ ಹೊರಟು, ಸರಿಯಾಗಿ ಎರಡು ಕಡೆ ಒಂದನ್ನೊಂದು ದಾಟುತ್ತವೆ. ದಾಟುವಲ್ಲಿ ಅಕ್ಷರ ತೆಳು, ದೂರವಾದಲ್ಲಿ ದಪ್ಪ. ನಡುವಿನ ಜಾಗಕ್ಕೆ ಬಣ್ಣ ತುಂಬಿ, ಒಳಗೊಂದು ಚುಕ್ಕೆ, ಮೇಲೊಂದು ತಲೆಕಟ್ಟು ಇಟ್ಟರೆ ‘ಠ’ ಸಿದ್ಧ. ಅಲ್ಲಿಂದ ‘ರ’ಕ್ಕೆ, ‘ಅ’ಕ್ಕೆ ಹೋಗಬಹುದು. ಐಸ್‌ಕ್ರೀಂ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ ಶಾಯಿಯಲ್ಲಿ ಅದ್ದಿದರೂ ಆದೀತು. ದುಬಾರಿ ಪೆನ್ನು ಕೊಳ್ಳುವುದು ಆಮೇಲಿನ ಮಾತು.

ಕನ್ನಡಕ್ಕೆ ಇನ್ನೊಂದು ಪೇಚಿದೆ. ‘ಮಹಾರಾಷ್ಟ್ರ’ ಎಂದು ಬರೆದು ನೋಡಿ. ‘ಷ’ದ ಕೆಳಗೆ ಟ ಒತ್ತು, ಅದರ ಜೊತೆಗೇ ರ ಒತ್ತು. ಕೆಳಗೆ ಜಾಗ ಬಿಡದ ಪೇಂಟರನ ಬೋರ್ಡಿನಲ್ಲಿ ಒತ್ತಕ್ಷರ ಹೋಗಿ ಚೌಕಟ್ಟಿಗೆ ಬಡಿಯುತ್ತದೆ. ಬಲ್ಲವನು ಸುಣ್ಣದ ಗೆರೆ ಎಳೆಯುವಾಗಲೇ ಒತ್ತಿಗೆಂದು ಕೆಳಗೊಂದು ಸಾಲು ಹೆಚ್ಚಿಗೆ ಬಿಟ್ಟಿರುತ್ತಾನೆ.

ಕಂಪ್ಯೂಟರಿಗೂ ಇದೇ ಪೇಚು ಬಂತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆಗೆ ಬಂದ ಕನ್ನಡ ಅಕ್ಷರವಿನ್ಯಾಸದ ಹೆಸರು ‘ತುಂಗಾ’. ಹೆಸರು ಮಲೆನಾಡಿನ ನದಿಯದಾದರೂ ಅದು ರೂಪುಗೊಂಡದ್ದು ಮುಂಬಯಿಯ ಆರ್. ಕೆ. ಜೋಶಿಯವರ ನಿರ್ದೇಶನದಲ್ಲಿ. 1936ರಲ್ಲಿ ಹುಟ್ಟಿದ ಜೋಶಿಯವರು ಜಾಹೀರಾತು ಕ್ಷೇತ್ರದಲ್ಲಿ ಕೈಪಳಗಿ, ಮುಂಬಯಿ ಐಐಟಿಯಲ್ಲಿ ಪಾಠ ಹೇಳಿದವರು, 2008ರಲ್ಲಿ ತೀರಿಕೊಂಡರು. ತುಂಗಾ ಅಕ್ಷರ ಬಲು ಸುಂದರ ಎಂದು ನಾನು ಹೇಳಲಾರೆ, ಅದು ತೀರ ಸಣಕಲು. ಆದರೂ ನಮ್ಮಲ್ಲಿ ಎಷ್ಟೋ ಮಂದಿ ಪರದೆಯ ಮೇಲೆ ಮೊದಲು ಕನ್ನಡ ಓದಿದ್ದು ಅದರಲ್ಲೇ ಇದ್ದೀತು.

ಆಮೇಲೆ ಬಂದವರು ಬೀದಿಯ ಕಡೆಗೂ ನೋಡಿದರು. ದಿಲ್ಲಿಯಲ್ಲಿ ಹನೀಫ್ ಕುರೇಶಿ ಬೋರ್ಡು ಬರೆಯುವ ಪೇಂಟರುಗಳ ಅಕ್ಷರಗಳನ್ನು ಸಂಗ್ರಹಿಸಿ ಕಂಪ್ಯೂಟರಿಗೆ ತಂದರು. 2024ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಅವರು ಹೋಗಿಬಿಟ್ಟರು. ಮುಂಬಯಿಯ ಏಕ್ ಟೈಪ್ ತಂಡದವರು ‘ಬಾಲೂ’ ಎಂಬ ದುಂಡುದುಂಡಗಿನ ಅಕ್ಷರವನ್ನು ನಮ್ಮ ದೇಶದ ಹಲವು ಲಿಪಿಗಳಿಗೆ ಮಾಡಿದರು. ಗುಜರಾತಿಯದು ‘ಬಾಲೂ ಭಾಯಿ’, ತಮಿಳಿನದು ‘ಬಾಲೂ ತಂಬಿ’, ಮಲಯಾಳದ್ದು ‘ಬಾಲೂ ಚೇಟ್ಟನ್’, ನಮ್ಮದು ‘ಬಾಲೂ ತಮ್ಮ’. ಎಲ್ಲವೂ ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ನಮ್ಮ ಮನೆಗಳ ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಜ್ಜಿ ಕಳಿಸಿದ ಪತ್ರವನ್ನು ಅಪ್ಪನೋ ಅಮ್ಮನೋ ಓದಿ ಹೇಳಬೇಕು. ಕಾಗುಣಿತ ತಿದ್ದಿಸಲು ಕೂರಿಸಿದರೆ ಹತ್ತು ನಿಮಿಷಕ್ಕೆ ಎದ್ದು ಹೋಗುವ ಮಗು, ಎರಡು ಪೆನ್ಸಿಲ್ ಕಟ್ಟಿ ಕೊಟ್ಟರೆ ತನ್ನ ಹೆಸರನ್ನು ಚಿತ್ರದಂತೆ ಬರೆಯಲು ಕೂತೀತು. ಈ ಭಾನುವಾರ ಪ್ರಯತ್ನಿಸಿ ನೋಡಿ. ಹೆಸರಿನಲ್ಲಿ ಒತ್ತಕ್ಷರ ಇದ್ದರೆ ಕೆಳಗೆ ಜಾಗ ಬಿಡಲು ಹೇಳಿ. ಬರೆದದ್ದನ್ನು ನಮಗೂ ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನು ಅಚ್ಚು ಹಾಕೋಣ. ವಯಸ್ಸು ಬರೆಯುವುದನ್ನು ಮರೆಯಬೇಡಿ. ದೊಡ್ಡವರು ಕಳಿಸಿದರೂ ಅಡ್ಡಿಯಿಲ್ಲ.