ಮಗುಗೆ ಜ್ವರ, ಕೈಯಲ್ಲಿ ಪಿಡಿಎಫ್: ವೈರಲ್ಲಾ, ಅಲ್ವಾ ಅಂತ ರಕ್ತ ಹೇಗೆ ಹೇಳುತ್ತೆ?

ಇವತ್ತಿನ ಎಪಿಸೋಡ್‌ಗೆ ಕಾರಣ ನೀವೇ. ಮಳೆ ಶುರುವಾದಾಗಿಂದ ನನ್ನ ಇನ್‌ಬಾಕ್ಸ್‌ಗೆ ಒಂದೇ ಥರದ ಸ್ಕ್ರೀನ್‌ಶಾಟ್ ಬರ್ತಾ ಇದೆ. ಲ್ಯಾಬ್ ರಿಪೋರ್ಟ್. ಅಕ್ಕನ ಮಗೂದು, ಅಣ್ಣನ ಮಗೂದು, ಪಕ್ಕದ ಮನೆ ಪಾಪೂದು. ಕೆಳಗೆ ಒಂದೇ ಪ್ರಶ್ನೆ: "ಇದು ವೈರಲ್ಲಾ? ಆಂಟಿಬಯಾಟಿಕ್ ಬೇಕಾ?"

ನಾನು ಬಿಕಾಂ ಓದಿದವನು. ಬ್ಯಾಲೆನ್ಸ್ ಶೀಟ್ ಕೊಟ್ರೆ ಓದ್ತೀನಿ, ಬ್ಲಡ್ ರಿಪೋರ್ಟ್ ನೋಡಿ ಔಷಧಿ ಹೇಳಲ್ಲ. ಆದ್ರೆ ಆ ಟೆಸ್ಟ್‌ಗಳು ಏನನ್ನ ಅಳೀತವೆ, ಎಲ್ಲಿ ಕೈಕೊಡ್ತವೆ ಅನ್ನೋದನ್ನ ಕೂತು ಓದಿದೀನಿ. ಅದನ್ನ ಹೇಳ್ತೀನಿ.

ಅದಕ್ಕೂ ಮೊದಲು ಒಂದು ಮಾತು. ಮಗುಗೆ ಮೂರು ತಿಂಗಳು ತುಂಬಿಲ್ಲ, ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ತೋರಿಸ್ತಿದೆ ಅಂದ್ರೆ, ಈ ಎಪಿಸೋಡ್ ನಿಲ್ಸಿ, ಆಸ್ಪತ್ರೆಗೆ ಹೊರಡಿ. ರಾತ್ರಿ ಎರಡು ಗಂಟೆ ಆಗಿದ್ರೂ ಅಷ್ಟೇ. ಅಷ್ಟು ಚಿಕ್ಕ ಮಕ್ಕಳಲ್ಲಿ ರಕ್ತಕ್ಕೆ ಸೋಂಕು ತಗುಲಿದ್ರೂ ಹೊರಗೆ ಜ್ವರ ಬಿಟ್ರೆ ಬೇರೇನೂ ಕಾಣದೇ ಇರಬಹುದು.

ಈಗ ವಿಷಯಕ್ಕೆ ಬರೋಣ. ಜ್ವರ ಬಂದ ಮಕ್ಕಳಲ್ಲಿ ಬಹುಪಾಲು ವೈರಲ್ಲೇ. ತಾನಾಗೇ ಹೋಗುತ್ತೆ. ಡಾಕ್ಟರ್ ತಲೆನೋವು ಇರೋದು ಆ ಉಳಿದ ಕೆಲವರ ಬಗ್ಗೆ. ಮೆನಿಂಜೈಟಿಸ್, ಸೆಪ್ಸಿಸ್, ಮೂತ್ರದ ಸೋಂಕು. ಮೊದಲ ದಿನ ಎಲ್ಲಾ ಒಂದೇ ಥರ ಕಾಣುತ್ತೆ. ಬ್ಲಡ್ ಕಲ್ಚರ್ ಮಾಡಿಸಿದ್ರೆ ಬ್ಯಾಕ್ಟೀರಿಯಾ ಬೆಳೆದು ಕಾಣೋಕೆ ಒಂದೆರಡು ದಿನ ಬೇಕು. ಅಲ್ಲೀವರೆಗೆ ಕಾಯೋಕೆ ಭಯ, ಹಾಗಾಗಿ ಆಂಟಿಬಯಾಟಿಕ್ ಶುರು. ವೈರಸ್‌ಗೆ ಅದರಿಂದ ಏನೂ ಆಗಲ್ಲ. ಮಗುಗೆ ಮಾತ್ರ ಭೇದಿ.

ಹಾಗಾದ್ರೆ ಮೂಗಿನ ಸ್ವಾಬ್ ತೆಗೆದು ವೈರಸ್ ಹುಡುಕಬಹುದಲ್ವಾ? ಹುಡುಕಬಹುದು. ಆದ್ರೆ ಆರಾಮಾಗಿ ಆಡ್ಕೊಂಡಿರೋ ಮಗುವಿನ ಮೂಗಲ್ಲೂ ಹಳೇ ನೆಗಡಿ ವೈರಸ್ ವಾರಗಟ್ಟಲೆ ಇರುತ್ತೆ. ಸಿಕ್ಕಿದೆ ಅಂದ ಮಾತ್ರಕ್ಕೆ ಜ್ವರಕ್ಕೆ ಅದೇ ಕಾರಣ ಅಂತಲ್ಲ.

ನನಗೆ ಸಖತ್ ಇಷ್ಟ ಆಗಿದ್ದು ಇಲ್ಲಿಂದ ಮುಂದಿನ ಐಡಿಯಾ. ಕಳ್ಳನನ್ನ ಹುಡುಕೋದು ಬಿಟ್ಟು ಮನೆ ನಾಯಿ ಹೇಗೆ ಬೊಗಳ್ತಿದೆ ಅಂತ ಕೇಳಿಸ್ಕೊಳ್ಳೋದು. ಹಾವು ಕಂಡಾಗ ಒಂಥರ ಬೊಗಳುತ್ತೆ, ಮನುಷ್ಯ ಬಂದಾಗ ಇನ್ನೊಂಥರ. ನಮ್ಮ ಬಿಳಿ ರಕ್ತಕಣಗಳೂ ಹಾಗೇ. ವೈರಸ್ ಬಂದ್ರೆ ದೇಹ ಇಂಟರ್‌ಫೆರಾನ್ ಅನ್ನೋ ಅಲಾರಾಂ ಬಾರಿಸುತ್ತೆ, ಆಗ ಕೆಲವು ಜೀನ್‌ಗಳು ಆನ್ ಆಗ್ತವೆ. ಬ್ಯಾಕ್ಟೀರಿಯಾ ಬಂದ್ರೆ ಬೇರೆ ಜೀನ್‌ಗಳು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯವರು 2013ರಲ್ಲಿ 2ರಿಂದ 36 ತಿಂಗಳ ಮಕ್ಕಳ ರಕ್ತದಲ್ಲಿ ಇದನ್ನ ತೋರಿಸಿದ್ರು. 2016ರಲ್ಲಿ ಲಂಡನ್‌ನ ಇಂಪೀರಿಯಲ್ ಕಾಲೇಜಿನ ಮೈಕಲ್ ಲೆವಿನ್ ತಂಡ ಇನ್ನೂ ಮುಂದೆ ಹೋಯ್ತು. 38 ಜೀನ್‌ಗಳ ಪಟ್ಟಿಯನ್ನ ಸೋಸಿ ಸೋಸಿ ಎರಡಕ್ಕೆ ಇಳಿಸಿದ್ರು. ಐಎಫ್‌ಐ44ಎಲ್ ವೈರಸ್ ಬಂದಾಗ ಜಾಸ್ತಿ, ಎಫ್‌ಎಎಂ89ಎ ಬ್ಯಾಕ್ಟೀರಿಯಾ ಬಂದಾಗ ಜಾಸ್ತಿ. ಎರಡನ್ನೂ ತೂಗಿ ನೋಡಿದ್ರೆ ಉತ್ತರ. ಖಚಿತವಾಗಿ ಗೊತ್ತಿದ್ದ ಕೇಸ್‌ಗಳ ಮೇಲೆ ಪರೀಕ್ಷಿಸಿದಾಗ ಬ್ಯಾಕ್ಟೀರಿಯಾ ಇದ್ದ ಒಂದು ಮಗುವನ್ನೂ ಅದು ತಪ್ಪಿಸಿರಲಿಲ್ಲ. ಆ ಪರೀಕ್ಷೆಯಲ್ಲಿ ಇದ್ದಿದ್ದು ಕೇವಲ 130 ಮಕ್ಕಳು ಅನ್ನೋದನ್ನೂ ಪಕ್ಕದಲ್ಲೇ ಬರ್ಕೊಳ್ಳಿ. 2023ರಲ್ಲಿ ಇದೇ ಬಳಗ 161 ಜೀನ್ ಬಳಸಿ, ಟಿಬಿ, ಮಲೇರಿಯಾ, ಕಾವಾಸಾಕಿ ಸೇರಿ 18 ಕಾಯಿಲೆಗಳನ್ನ ಬೇರ್ಪಡಿಸಬಹುದು ಅಂತ ತೋರಿಸಿತು.

"ಬ್ರೋ, ಇದು ನಮ್ಮೂರ ಲ್ಯಾಬ್‌ನಲ್ಲಿ ಸಿಗುತ್ತಾ?" ಇಲ್ಲ. ಹತ್ತಿರದ ತಮ್ಮ ಅಂದ್ರೆ ಇಸ್ರೇಲಿನ ಮೀಮೆಡ್ ಬಿವಿ. ಜೀನ್ ಅಲ್ಲ, ರಕ್ತದ ಮೂರು ಪ್ರೋಟೀನ್ ಅಳೀತದೆ, ಸುಮಾರು 15 ನಿಮಿಷದಲ್ಲಿ ಫಲಿತಾಂಶ. 2021ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆದ್ರೆ ಅದೂ 90 ದಿನ ದಾಟಿದ ಮಕ್ಕಳಿಗೆ ಮಾತ್ರ. ಅಂದ್ರೆ ಯಾರ ಬಗ್ಗೆ ಅತಿ ಹೆಚ್ಚು ಭಯ ಇದೆಯೋ ಆ ಪುಟಾಣಿಗಳಿಗೆ ಇಲ್ಲ.

ಸರಿ, ನಿಮ್ಮ ಫೋನಲ್ಲಿರೋ ಪಿಡಿಎಫ್‌ಗೆ ಬರೋಣ. ಸಿಬಿಸಿ. "ಲಿಂಫೋಸೈಟ್ ಹೈ" ಅಂತ ಕೆಂಪು ಅಕ್ಷರ. ಎರಡು ವರ್ಷದ ಮಗುವಿಗೆ ಲಿಂಫೋಸೈಟ್ ದೊಡ್ಡವರಿಗಿಂತ ಜಾಸ್ತಿ ಇರೋದೇ ಸಹಜ. ಎಷ್ಟೋ ಲ್ಯಾಬ್‌ಗಳು ದೊಡ್ಡವರ ನಾರ್ಮಲ್ ರೇಂಜನ್ನೇ ಪಕ್ಕದಲ್ಲಿ ಪ್ರಿಂಟ್ ಮಾಡಿರ್ತವೆ. ಕಿರಾಣಿ ಅಂಗಡಿ ಲೆಕ್ಕವನ್ನ ರಿಲಯನ್ಸ್ ಲೆಕ್ಕದ ಪಕ್ಕ ಇಟ್ಟು ನೋಡಿದ ಹಾಗೆ. ಸಿಆರ್‌ಪಿ ಇದೆಯಲ್ಲ, ಜಾಸ್ತಿ ಇದ್ರೆ ಬ್ಯಾಕ್ಟೀರಿಯಾ ಅನ್ನೋ ಕಡೆ ವಾಲುತ್ತೆ. ಆದ್ರೆ ಅಡಿನೋವೈರಸ್ ಕೂಡ ಅದನ್ನ ಏರಿಸುತ್ತೆ. ಜ್ವರ ಬಂದು ಕೆಲವೇ ಗಂಟೆ ಆಗಿದ್ರೆ ಬ್ಯಾಕ್ಟೀರಿಯಾ ಇದ್ರೂ ಕಡಿಮೆ ತೋರಿಸಬಹುದು. ವೈಡಾಲ್ ಬಗ್ಗೆ ನನ್ನ ಅಭಿಪ್ರಾಯ ನೇರ: ಎರಡನೇ ದಿನದ ಜ್ವರಕ್ಕೆ ಒಂದೇ ಒಂದು ವೈಡಾಲ್ ಮಾಡಿಸಿ ಟೈಫಾಯ್ಡ್ ಅಂತ ಹಣೆಪಟ್ಟಿ ಹಚ್ಚೋದು ನಿಲ್ಲಬೇಕು.

ಡೆಂಗಿ. ಇಲ್ಲಿ ದಿನದ ಲೆಕ್ಕವೇ ಎಲ್ಲಾ. ಎನ್‌ಎಸ್1 ಅಂದ್ರೆ ವೈರಸ್ಸಿನದೇ ಪ್ರೋಟೀನ್, ಮೊದಲ ಐದು ದಿನ ಚೆನ್ನಾಗಿ ಸಿಗುತ್ತೆ, ಆಮೇಲೆ ಇಳಿಯುತ್ತೆ. ಐಜಿಎಂ ನಮ್ಮ ದೇಹದ ಉತ್ತರ, ನಾಲ್ಕೈದು ದಿನ ಆದ್ಮೇಲೆ ಬರುತ್ತೆ, ತಿಂಗಳುಗಟ್ಟಲೆ ಉಳಿಯುತ್ತೆ. ಆರನೇ ದಿನ ಬರೀ ಎನ್‌ಎಸ್1 ಮಾಡಿಸಿ "ನೆಗೆಟಿವ್, ಬಚಾವ್" ಅಂದ್ರೆ ಅದು ಬಚಾವ್ ಅಲ್ಲ. ಐಜಿಜಿ ಇನ್ನೂ ಮಜಾ. ನಮ್ಮ ಕುಟುಂಬದಲ್ಲೇ ನಾಲ್ಕು ತಿಂಗಳ ಕೂಸಿಗೆ ಐಜಿಜಿ ಪಾಸಿಟಿವ್ ಬಂದು ಅಜ್ಜಿ ಹರಕೆ ಹೊತ್ತಿದ್ರು. ಮಕ್ಕಳ ಡಾಕ್ಟರ್ ಕೇಳಿದ್ದು ಒಂದೇ: "ತಾಯಿಗೆ ಮೊದಲು ಡೆಂಗಿ ಆಗಿತ್ತಾ?" ಆಗಿತ್ತು. ಹೊಟ್ಟೆಯಲ್ಲಿದ್ದಾಗ ಅಮ್ಮನಿಂದ ಬಂದ ಐಜಿಜಿ ಹಲವು ತಿಂಗಳು ಮಗುವಿನ ರಕ್ತದಲ್ಲಿ ಇರುತ್ತೆ. ಕೂಸಿಗೆ ಇದ್ದಿದ್ದು ನೆಗಡಿ ಜ್ವರ.

ದುಡ್ಡಿನ ಮಾತು ಹೇಳ್ದೇ ಹೋದ್ರೆ ನಾನು ಓದಿದ್ದಕ್ಕೆ ಅರ್ಥ ಇಲ್ಲ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಮಿತಿ ಹಾಕಿತು. ಎನ್‌ಎಸ್1 ಎಲೈಸಾ 300 ರೂಪಾಯಿ, ಐಜಿಎಂ ಎಲೈಸಾ 300, ರಾಪಿಡ್ ಕಾರ್ಡ್ 250. ಖಚಿತಪಡಿಸೋಕೆ ಎಲೈಸಾನೇ ಮೇಲು.

ಇನ್ನು ಪ್ಲೇಟ್‌ಲೆಟ್ ಹುಚ್ಚು. ಗ್ರೂಪ್‌ನಲ್ಲಿ ಎಲ್ಲರೂ ಆ ಒಂದು ನಂಬರ್ ಹಿಂದೆ ಬಿದ್ದಿರ್ತಾರೆ, ಪಪ್ಪಾಯ ಎಲೆ ಅರೀತಿರ್ತಾರೆ. ಡಾಕ್ಟರ್ ಕಣ್ಣು ಪಕ್ಕದ ಹೆಮಟೋಕ್ರಿಟ್ ಮೇಲೂ ಇರುತ್ತೆ. ರಕ್ತನಾಳದಿಂದ ನೀರು ಸೋರಿ ರಕ್ತ ಗಟ್ಟಿಯಾಗ್ತಿದೆಯಾ ಅಂತ ಹೇಳೋದು ಅದು. ಈ ಸೋರಿಕೆ ಶುರುವಾಗೋದು ಸಾಮಾನ್ಯವಾಗಿ ಜ್ವರ ಇಳಿಯೋ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ. ಮನೆಯವರು "ಅಬ್ಬಾ, ಬಿಡ್ತು" ಅಂತ ಮಲಗೋ ರಾತ್ರಿ. ಆಗ ಮಗು ಹೊಟ್ಟೆನೋವು ಅಂತ ಅಳ್ತಿದ್ರೆ, ವಾಂತಿ ನಿಲ್ಲದಿದ್ರೆ, ವಸಡಲ್ಲಿ ರಕ್ತ ಬಂದ್ರೆ, ಕೈಕಾಲು ತಣ್ಣಗಾಗಿ ಮಂಕಾದ್ರೆ, ಮುಂದಿನ ರಿಪೋರ್ಟ್‌ಗೆ ಕಾಯಬೇಡಿ, ಕರ್ಕೊಂಡು ಹೋಗಿ. ಜ್ವರಕ್ಕೆ ತೂಕ ನೋಡಿ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ಮಾತ್ರ. ಡೆಂಗಿ ಅನುಮಾನ ಇದ್ರೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ.

ಮಲೆನಾಡಿನ ಕೇಳುಗರೇ, ನಿಮಗೆ ಇನ್ನೊಂದು ಸಾಲು ಜಾಸ್ತಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡ ಮಂಗನ ಕಾಯಿಲೆಯೂ ಶುರುವಾಗೋದು ಬರೀ ಜ್ವರದಿಂದಲೇ. ಮೊದಲ ದಿನಗಳಲ್ಲಿ ರಕ್ತದ ಆರ್‌ಟಿ-ಪಿಸಿಆರ್‌ನಲ್ಲಿ ಸಿಗುತ್ತೆ. ಮನೆಯವರು ಕಾಡಿಗೆ, ಸೊಪ್ಪಿಗೆ ಹೋಗಿದ್ರೆ, ಹತ್ತಿರದಲ್ಲಿ ಮಂಗ ಸತ್ತಿದ್ರೆ, ಕೇಳದಿದ್ರೂ ಡಾಕ್ಟರ್‌ಗೆ ಹೇಳಿ.

ಫೋನ್ ಹೇಗೂ ಕೈಯಲ್ಲೇ ಇದೆ. ನೋಟ್ಸ್ ಓಪನ್ ಮಾಡಿ. ಜ್ವರ ಶುರುವಾದ ದಿನ, ಗಂಟೆ. ಮಗುವಿನ ತೂಕ. ಕೊನೇ ಸಲ ಮೂತ್ರ ಮಾಡಿದ್ದು ಯಾವಾಗ. ಕೊಟ್ಟ ಔಷಧಿ, ಎಷ್ಟು ಎಂಎಲ್. ರಿಪೋರ್ಟ್ ಫಾರ್ವರ್ಡ್ ಮಾಡೋವಾಗ ಮೇಲೆ "ಜ್ವರದ ಎಷ್ಟನೇ ದಿನದ ರಕ್ತ" ಅಂತ ಬರೀರಿ. ನನಗಲ್ಲ, ಡಾಕ್ಟರ್‌ಗೆ.