ದೂರ ಹಾರಿದವನ ಅಂಕ ಕತ್ತರಿಸಿದ್ದೇಕೆ?

ಸ್ಕೀಯಿಂಗ್ ಭಂಗಿಯ ಬಗ್ಗೆ ಕನ್ನಡದಲ್ಲಿ ಎರಡು ದಿನ ಚರ್ಚಿಸಲು ಹೊರಟ ಸಂಘಟಕರಿಗೆ ಮೊದಲು ನನ್ನ ಅಭಿನಂದನೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಮೇಲೆ ಇದು ನಮಗೆ ಪರದೇಶದ ವಿಷಯವಾಗಿ ಉಳಿದಿಲ್ಲ. ಟೆಲಿಮಾರ್ಕ್ ತಿರುವಿನಿಂದ ಹಾನೆಸ್ ಶ್ನೈಡರ್ ಅವರ ಆರ್ಲ್‌ಬರ್ಗ್ ಪದ್ಧತಿಯವರೆಗಿನ ಚರಿತ್ರೆಯನ್ನು ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಮಧ್ಯಾಹ್ನ ಹೇಳಲಿದ್ದಾರೆ. ಬೂಟು, ಬೈಂಡಿಂಗ್‌ಗಳ ವಿಚಾರಕ್ಕೆ ಅವರ ಪಕ್ಕದಲ್ಲಿರುವ ಎಂಜಿನಿಯರ್ ಮಿತ್ರರಿದ್ದಾರೆ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದು ಸ್ಕೀ ಜಂಪಿಂಗ್, ಅದನ್ನೇ ಹಿಡಿದುಕೊಳ್ಳುತ್ತೇನೆ.

ಸ್ವೀಡನ್ನಿನ ಯಾನ್ ಬೊಕ್ಲೊವ್ 1980ರ ದಶಕದ ನಡುಭಾಗದಲ್ಲಿ, ಎರಡು ಸ್ಕೀಗಳ ಮುಂತುದಿಗಳನ್ನು ‘ವಿ’ ಆಕಾರದಲ್ಲಿ ಅಗಲಿಸಿಕೊಂಡು ಹಾರತೊಡಗಿದರು. ಅಲ್ಲಿಯವರೆಗೆ ಸ್ಕೀಗಳು ಅಕ್ಕಪಕ್ಕ, ಸಮಾನಾಂತರವಾಗಿ ಇರಬೇಕಿತ್ತು. ಅದೇ ಚಂದ, ಅದೇ ಸರಿ. ಐವರು ತೀರ್ಪುಗಾರರು ಶೈಲಿಗೆ ತಲಾ 20ರವರೆಗೆ ಅಂಕ ಕೊಡುತ್ತಾರೆ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಬೊಕ್ಲೊವ್ ಈ ಅಂಕಗಳನ್ನು ಕಳೆದುಕೊಳ್ಳುತ್ತಲೇ 1988–89ರ ವಿಶ್ವಕಪ್ ಗೆದ್ದರು, ದೂರದ ಬಲವೊಂದರಿಂದಲೇ. ಅವರ ಜಿಗಿತವನ್ನು ತರಗತಿಯಲ್ಲಿ ತೋರಿಸಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ದೂರ ಹಾರಿದವನಿಗೇ ಯಾಕೆ ಅಂಕ ಕತ್ತರಿಸ್ತಾರೆ?” ನಮ್ಮ ಕ್ರೀಡಾವಿಜ್ಞಾನವೇ ತನಗೆ ಹಾಕಿಕೊಳ್ಳಬೇಕಿದ್ದ ಪ್ರಶ್ನೆ ಅದು.

ಓಡುವ ಬಸ್ಸಿನ ಕಿಟಕಿಯಾಚೆ ಅಂಗೈ ಚಾಚಿದವರಿಗೆ ಗಾಳಿ ಕೈಯನ್ನು ಎತ್ತುವುದು ಗೊತ್ತು. ಸ್ಕೀಗಳು ಅಗಲವಾದಾಗ ಮೈ ಅವುಗಳ ನಡುವೆ ಬರುತ್ತದೆ. ಗಾಳಿ ಸ್ಕೀಗಳಿಗೂ ಮೈಗೂ ಬೇರೆಬೇರೆಯಾಗಿ ಸಿಗುತ್ತದೆ, ಎತ್ತುವ ಬಲ ಹೆಚ್ಚುತ್ತದೆ. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್ ಹೊತ್ತಿಗೆ ಅಗ್ರಪಂಕ್ತಿಯ ಜಿಗಿತಗಾರರು ‘ವಿ’ಗೆ ಹೊರಳಿದ್ದರು. ಆಮೇಲೆ ನಾವು ಬಂದೆವು, ಅಳೆದೆವು, ಇದೇ ಸರಿಯಾದ ಭಂಗಿ ಎಂದು ಬರೆದೆವು. ಗೆದ್ದವರನ್ನು ಗೆದ್ದ ಮೇಲೆ ಅಳೆಯುವುದನ್ನೇ ನಾವು ವಿಜ್ಞಾನ ಎಂದುಕೊಂಡೆವು. ನಮ್ಮ ದಾರಿ ತಪ್ಪಿದ್ದು ಇಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

ಏಕೆಂದರೆ ಅಳೆಯುವ ಸಾಧನ ಮೊದಲೇ ಇತ್ತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ರೈನ್‌ಹಾರ್ಡ್ ಶ್ಟ್ರೌಮಾನ್ 1920ರ ದಶಕದಲ್ಲೇ ಜಿಗಿತವನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸಿದ್ದರು. 1950ರ ದಶಕದಲ್ಲಿ ಅದೇ ದೇಶದ ಆಂಡ್ರಿಯಾಸ್ ಡೇಷರ್ ಮುಂದೆ ಚಾಚುತ್ತಿದ್ದ ಕೈಗಳನ್ನು ಪಕ್ಕಕ್ಕೆ ತಂದು, ಮೈಯನ್ನು ಸ್ಕೀಗಳ ಮೇಲೆ ಇನ್ನಷ್ಟು ಬಾಗಿಸಿದರು. ಕೈ ಬದಲಾಯಿತು, ಸೊಂಟ ಬದಲಾಯಿತು. ಸ್ಕೀಗಳ ಜೋಡಿಯನ್ನು ಬಿಡಿಸಲು ಮಾತ್ರ ಬಹುತೇಕ ಯಾರಿಗೂ ಮನಸ್ಸಾಗಲಿಲ್ಲ. ಯಾಕೆ?

ತೀರ್ಪುಗಾರರ ಕಣ್ಣೇ ಕಾರಣ ಎನ್ನುವ ಕಡೆಗೆ ನನ್ನ ಒಲವು. ಇಳಿಜಾರಿನ ಸ್ಕೀಯಿಂಗ್‌ನಲ್ಲೂ ಸ್ಕೀ ಗುರು ಕ್ರುಕೆನ್‌ಹೌಸರ್ ಕಾಲದ ಆಸ್ಟ್ರಿಯಾ ಪಾದಗಳನ್ನು ಜೋಡಿಸಿಯೇ ಚಂದ ಕಂಡಿತು. ನಡು ಸಣ್ಣಗಿರುವ ಸ್ಕೀಗಳು 1990ರ ದಶಕದಲ್ಲಿ ಬಂದ ಮೇಲೆ ಪಾದಗಳು ದೂರವಾದವು. ಆದರೆ ಇಲ್ಲಿ ಬದಲಾವಣೆ ತಂದದ್ದು ಸಲಕರಣೆ. ಜಂಪಿಂಗ್‌ನಲ್ಲೂ ಹಳೆಯ ಉಡುಪು, ಹಳೆಯ ಬೈಂಡಿಂಗ್‌ಗಳಲ್ಲಿ ‘ವಿ’ ನಿಲ್ಲುತ್ತಿರಲಿಲ್ಲವೇನೋ? ಎಂಜಿನಿಯರ್ ಮಿತ್ರರು ತಲೆಯಾಡಿಸುತ್ತಿದ್ದಾರೆ. ಈ ವಾದವನ್ನು ಊಟದ ಹೊತ್ತಿಗೂ ಮುಂದುವರಿಸೋಣ. ಪೋಲೆಂಡಿನ ಮಿರೊಸ್ವಾಫ್ ಗ್ರಾಫ್ ಬೊಕ್ಲೊವ್‌ಗಿಂತ ಎಷ್ಟೋ ಮೊದಲೇ ಹೀಗೆ ಹಾರಿದ್ದರು ಎಂಬುದನ್ನು ಮಾತ್ರ ಅವರು ಮರೆಯಬಾರದು.

ಈ ಪ್ರಶ್ನೆ ಬರೀ ಚರಿತ್ರೆಯದಲ್ಲ. ಗಾಳಿಯ ಮೇಲೆ ತೇಲುವ ಆಟದಲ್ಲಿ ಹಗುರವಾದ ಮೈಗೆ ಲಾಭ ಹೆಚ್ಚು. ಹುಡುಗರು ಹೊಟ್ಟೆಗೆ ಕಡಿಮೆ ಮಾಡಿಕೊಂಡರು. ಎತ್ತರಕ್ಕೆ ತಕ್ಕ ತೂಕವಿಲ್ಲದವರ ಸ್ಕೀ ಉದ್ದವನ್ನು ತಗ್ಗಿಸುವ ನಿಯಮ ಬಂದದ್ದು 2004ರಲ್ಲಿ. ಭಂಗಿಯನ್ನು ವಿವರಿಸಿ ಕೈತೊಳೆದುಕೊಂಡ ನಾವು ಆ ಮೈಗಳ ಬಗ್ಗೆ ಮುಂಚೆಯೇ ಮಾತಾಡಬೇಕಿತ್ತು.

ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ ಇದೆ. ಪದಕ ಗೆದ್ದವರ ಜಿಗಿತಗಳ ಜೊತೆಗೆ, ಕಡಿಮೆ ಅಂಕ ಬಿದ್ದ ಜಿಗಿತಗಳನ್ನೂ ಅಷ್ಟೇ ಶ್ರದ್ಧೆಯಿಂದ ಅಳೆದು ತನ್ನಿ. ಮೊದಲ ಗೋಷ್ಠಿಯ ಅಧ್ಯಕ್ಷರು ಬಂದಿದ್ದಾರೆ. ವೇದಿಕೆಯನ್ನು ಅವರಿಗೆ ಬಿಟ್ಟುಕೊಡುತ್ತೇನೆ.